ಮಳೆಗೆ ಮುಂಚೆ ಮನೆಗೆ ದೋಣಿ: ಕೊನೆ ಕಂತು ಕೊಡುವ ಮೊದಲು ನೀರು ಹಾಯಿಸಿ ನೋಡಿ

ಈ ವಾರ ತೋಟ ಬಿಟ್ಟು ಮನೆ ಸೂರಿನ ಕೆಳಗೆ ನಿಂತು ಮಾತಾಡೋಣ. ಅಂಗಡಿಯವರು ಗಟರ್ ಅಂತಾರೆ, ನಮ್ಮ ಮಲೆನಾಡಿನಲ್ಲಿ ದೋಣಿ. ಹಿಂದೆ ಅಡಿಕೆ ಮರ ಸೀಳಿ ದಂಬೆ ಕಟ್ಟುತ್ತಿದ್ದರು, ಈಗ ತಗಡು ಇಲ್ಲವೇ ಪಿವಿಸಿ.

ನಾನು ಓದಿದ್ದು ತೋಟಗಾರಿಕೆ. ಅಡಿಕೆ ತೋಟದ ಬಸಿಗಾಲುವೆಗೆ ಎಷ್ಟು ಇಳಿಜಾರು ಬೇಕು, ನೀರು ಎಲ್ಲಿಗೆ ಹೋಗಬೇಕು ಅಂತ ಬೇರೆಯವರಿಗೆ ಹೇಳಿಕೊಡುತ್ತೇನೆ. ಆದರೆ ಮೂರು ವರ್ಷದ ಹಿಂದೆ ನಮ್ಮ ಹಂಚಿನ ಮನೆಗೆ ದೋಣಿ ಹಾಕಿಸುವಾಗ ಅದನ್ನೆಲ್ಲ ಮರೆತಿದ್ದೆ. ಕೆಲಸದವರು ಕಣ್ಣಂದಾಜಿನಲ್ಲಿ ನೇರವಾಗಿ ಕೂರಿಸಿದರು, ನೋಡೋಕೆ ಚಂದ ಇತ್ತು. ಅದೇ ದಿನ ಪೂರ್ತಿ ಹಣ ಕೊಟ್ಟೆ.

ಜುಲೈ ಮಳೆಗೆ ದೋಣಿ ನಡುವೆ ಜಗ್ಗಿತು. ನೀರು ಹಿಂದಕ್ಕೆ ಉಕ್ಕಿ ಅಮ್ಮನ ಕೋಣೆಯ ಮಣ್ಣಿನ ಗೋಡೆಗೆ ಇಳಿಯಿತು. ಗಿಲಾವು ಉಬ್ಬಿದ್ದನ್ನು ಮೊದಲು ನೋಡಿದ್ದೂ ಅಮ್ಮನೇ. ಕೆಳಗೆ ಜೋಡಿಸಿದ್ದ ಕಾಳುಮೆಣಸಿನ ಸಸಿಗಳ ಮೇಲೆ ಮಣ್ಣು ನೀರು ಸಿಡಿದು, ಶೀಘ್ರ ಸೊರಗು ರೋಗ ಬಂದು 200 ಚೀಲ ಹೋಯ್ತು. ಆ ರೋಗಾಣು ಹರಡುವುದೇ ನೀರಿನ ಜೊತೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ!

ಈ ಬೇಸಿಗೆಯಲ್ಲಿ ಬೇರೆಯವರಿಂದ ಹೊಸದಾಗಿ ಹಾಕಿಸಿದೆ. ಈ ಸಲ ಕೇಳಿ, ಅಳೆದು, ನೋಡಿ ಮಾಡಿಸಿದ್ದು ಹೀಗೆ.

1. ನೀರಿನ ಲೆಕ್ಕ: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮುಂಭಾಗದ ಮಾಡು, ನೆಲದ ಅಳತೆಯಲ್ಲಿ, 40 ಅಡಿ ಉದ್ದ, 15 ಅಡಿ ಅಗಲ. ಸುಮಾರು 56 ಚದರ ಮೀಟರ್. ಗಂಟೆಗೆ 40 ಮಿ.ಮೀ. ಹೊಯ್ದರೆ 2,240 ಲೀಟರ್! ಅದಕ್ಕೇ 6 ಇಂಚಿನ ದೋಣಿ, ಎರಡೂ ತುದಿಗೆ ಒಂದೊಂದು 4 ಇಂಚಿನ ಇಳಿಪೈಪು.

2. ಇಳಿಜಾರು: 10 ಅಡಿಗೆ ಅರ್ಧ ಇಂಚು. ನಮ್ಮದಕ್ಕೆ ನಡುವಿನಿಂದ ಎರಡೂ ಕಡೆಗೆ 20 ಅಡಿ, ಅಂದರೆ ಒಂದೊಂದು ಇಂಚು ಇಳಿತ. ಟ್ಯೂಬ್ ಲೆವೆಲ್ ಹಿಡಿದು ದಾರ ಕಟ್ಟಿಸಿ, ಕಣ್ಣಂದಾಜು ಬೇಡ. ಇಳಿಜಾರಿಲ್ಲದಿದ್ದರೆ ನೀರು ನಿಂತು ಸೊಳ್ಳೆ ಮರಿ ಮಾಡುತ್ತೆ.

3. ಕೊಕ್ಕೆ: ಎರಡು ಅಡಿಗೊಂದು. ಹಿಂದಿನವರು ನಾಲ್ಕು ಅಡಿಗೆ ಹಾಕಿದ್ದರು, ಜಗ್ಗಿದ್ದು ಅದಕ್ಕೇ. ಪಕಾಸಿಯ ತುದಿ ಗೆದ್ದಲು ತಿಂದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ನಮ್ಮಲ್ಲಿ ಮೂರು ಪಕಾಸಿ ಹಾಗಿತ್ತು. ಟೊಳ್ಳು ಮರಕ್ಕೆ ಸ್ಕ್ರೂ ಹಿಡಿಯಲ್ಲ.

4. ಹಂಚು ಮತ್ತು ಜೋಡಣೆ: ಹಂಚಿನ ತುದಿ ಎರಡು ಇಂಚಿನಷ್ಟು ದೋಣಿಯೊಳಗೆ ಬರಲಿ. ಕಮ್ಮಿಯಾದರೆ ನೀರು ಹಿಂದೆ ಗೋಡೆಗೆ ಹೋಗುತ್ತೆ, ಜಾಸ್ತಿಯಾದರೆ ಜೋರು ಮಳೆಗೆ ಮುಂದೆ ಹಾರುತ್ತೆ. ತಗಡು ಸೇರುವಲ್ಲಿ ಮೇಲಿನ ತಗಡು ಕೆಳಗಿನದರ ಒಳಗೆ ಕೂತಿರಲಿ, ನೀರು ಹರಿಯುವ ದಿಕ್ಕಿಗೇ.

5. ನೀರು ಹೋಗುವ ಜಾಗ: ಇದನ್ನು ಯಾರೂ ಕೇಳುವುದಿಲ್ಲ. ಇಳಿಪೈಪು ಗೋಡೆ ಬುಡಕ್ಕೆ ಬಿಟ್ಟರೆ ದೋಣಿ ಹಾಕಿಸಿಯೂ ಉಪಯೋಗವಿಲ್ಲ. ನಾವು ಒಂದನ್ನು ಟ್ಯಾಂಕಿಗೆ ಕೊಟ್ಟಿದ್ದೇವೆ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಲು ಒಂದು ವಾಲ್ವ್ ಇದೆ. ಇನ್ನೊಂದು, ಟ್ಯಾಂಕು ತುಂಬಿ ಹೊರಬರುವ ನೀರಿನ ಜೊತೆ, ಕಲ್ಲು ಹಾಸಿದ ಕಾಲುವೆಯಲ್ಲಿ ಮನೆಯಿಂದ ದೂರ ಹೋಗುತ್ತೆ. ಸಸಿಗಳನ್ನು ಸೂರಿನಡಿಯಿಂದ ತೆಗೆದು ಎತ್ತರದ ಜಾಗಕ್ಕೆ ಇಟ್ಟಿದ್ದೇನೆ.

6. ದರ: ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ಅದರಲ್ಲಿ ಕೊಕ್ಕೆ, ತುದಿಮುಚ್ಚಳ, ಇಳಿಪೈಪು, ಮುರಿದ ಹಂಚು ಬದಲಿಸುವುದು ಎಲ್ಲಾ ಸೇರಿದೆಯಾ? ಮೊದಲೇ ಚೀಟಿಯಲ್ಲಿ ಬರೆಸ್ಕೊಳ್ಳಿ.

ಕೊನೆಗೆ ಮುಖ್ಯ ಮಾತು. ಒಂದು ಕಂತು ಉಳಿಸಿಕೊಳ್ಳಿ. ಅಂಟು ಒಣಗಿದ ಮೇಲೆ, ಕೆಲಸದವರು ಇರುವಾಗಲೇ, ಎತ್ತರದ ಜಾಗದಿಂದ ಹತ್ತು ಕೊಡ ನೀರು ಹೊಯ್ಯಿಸಿ. ಎಲ್ಲಿ ನಿಲ್ಲುತ್ತೆ, ಎಲ್ಲಿ ತೊಟ್ಟಿಕ್ಕುತ್ತೆ ಅಂತ ಜೊತೆಯಲ್ಲೇ ನಿಂತು ನೋಡಿ. ನಮ್ಮಲ್ಲಿ ಒಂದು ಜೋಡಣೆ ಸೋರಿತು. ಅವರು ಬೇಸರ ಮಾಡ್ಕೊಳ್ಳದೆ ಅಲ್ಲೇ ಸರಿಮಾಡಿ ಕೊಟ್ಟರು. ಒಳ್ಳೆ ಕೆಲಸಗಾರರಿಗೆ ಈ ಪರೀಕ್ಷೆ ಅವಮಾನ ಅನ್ನಿಸಲ್ಲ.

ಮರದ ಕೆಳಗಿನ ಮನೆಯಾದರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಲೆ ಕಸ ತೆಗೆಯಿರಿ. ಹಂಚಿನ ಮೇಲೆ ಹತ್ತಬೇಡಿ, ಏಣಿ ಇಟ್ಟು ಇನ್ನೊಬ್ಬರು ಹಿಡ್ಕೊಳ್ಳಲಿ.

ಅಮ್ಮನ ಗೋಡೆಗೆ ಹೋದ ವಾರ ಹೊಸ ಗಿಲಾವು ಆಯ್ತು. ರೋಹಿಣಿ ಮಳೆ ಬರೋಕೆ ಇನ್ನೂ ದಿನ ಇದೆ. ಇವತ್ತೇ ನಿಮ್ಮ ಸೂರಿನ ಕೆಳಗೆ ನಿಂತು ಒಮ್ಮೆ ಮೇಲೆ ನೋಡಿ, ಆಮೇಲೆ ಗೋಡೆಯ ಬುಡ ನೋಡಿ. ಅಲ್ಲಿ ಹೋದ ವರ್ಷದ ನೀರಿನ ಗುರುತು ಇದ್ದೇ ಇರುತ್ತೆ.