ಠರಾವು ಬುಕ್ ಮನೆಗೆ ಬಂದರೆ ಸಹಿ ಹಾಕಬೇಡಿ

ಪ್ರಶ್ನೆ: ಅಕ್ಕಾರ, ನಮ್ಮೂರು ಶಹಾಪುರ ತಾಲೂಕಿನ್ಯಾಗ ಅದ. ನಮ್ಮ ಸಾಲಿ ಒಂದರಿಂದ ಐದನೆತ್ತ ತನಕ. 84 ಹುಡುಗ್ರು, ಇಬ್ಬರೇ ಮಾಸ್ತರು. ಅದ್ರಾಗ ಹೆಡ್‌ಮಾಸ್ತರು ಮೀಟಿಂಗು, ಬಿಸಿಯೂಟದ ಲೆಕ್ಕ ಅಂತ ಓಡ್ಯಾಡ್ತಾರ. ನನಗ ಎಸ್‌ಡಿಎಂಸಿ ಅಧ್ಯಕ್ಷೆ ಮಾಡ್ಯಾರ. ಠರಾವು ಬುಕ್ ಮನಿಗೇ ಬರ್ತದ, ಮಾವ ತೋರಿಸಿದಲ್ಲಿ ಸಹಿ ಮಾಡ್ತೀನಿ. ಮಗಳು ನಾಕನೆತ್ತ, ಓದಲಿಕ್ಕೇ ಬರಂಗಿಲ್ಲ. ಬಾಯಿ ಬಿಟ್ರ ಮಾಸ್ತರು ಆಕಿ ಮ್ಯಾಲ ಸಿಟ್ಟು ತೀರಿಸ್ಕೋತಾರಂತ ಅಂಜಿಕಿ. ನಾ ಓದಿದ್ದು ಏಳನೆತ್ತ. ಏನು ಮಾಡ್ಲಿ?
— ಹೆಸರು ಬೇಡ, ಸಗರ ನಾಡು

ಉತ್ತರ: ತಂಗಿ, ನಿಮ್ಮ ಅಂಜಿಕೆ ಸುಳ್ಳಲ್ಲ. ಆದರೆ ನೀವು ಯಾರ ಜೊತೆ ಜಗಳ ಆಗುತ್ತದೆಂದು ಹೆದರಿದ್ದೀರೋ, ಅವರಿಗೇ ನಿಮ್ಮ ಅಗತ್ಯ ಹೆಚ್ಚಿದೆ. ಹೆಡ್‌ಮಾಸ್ತರು ಸರ್ಕಾರಿ ನೌಕರರು. ಮೇಲಧಿಕಾರಿಗೆ ‘ಶಿಕ್ಷಕರನ್ನು ಕೊಡಿ’ ಎಂದು ಒಮ್ಮೆ ಬರೆಯಬಹುದು, ಪಟ್ಟು ಹಿಡಿದು ಕೂರಲಾರರು. ಪಾಲಕರು ಕೂರಬಹುದು. ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇರುವುದೇ ಅದಕ್ಕೆ.

ಶಿಕ್ಷಣದ ಬಗೆಗಿನ ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯ ನಂತರ, 2001ರಲ್ಲಿ ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಬಂದವು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಬಲ ಕೊಟ್ಟಿತು. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎನ್ನುತ್ತದೆ ಅದು. ಎಷ್ಟು ಓದಿದ್ದೀರಿ ಎಂದು ಕೇಳುವುದಿಲ್ಲ. ಮಾವನವರು ಬೇಕಾದರೆ ಜೊತೆಗೆ ಬರಲಿ. ಕುರ್ಚಿ ಮಾತ್ರ ನಿಮ್ಮದು.

ಮೊದಲನೆಯ ಕೆಲಸ: ನೀವು ಕೂತು ಕೇಳದ ಸಭೆಯ ಠರಾವಿಗೆ ಸಹಿ ಹಾಕಬೇಡಿ. ಬುಕ್ ಮನೆಗೆ ಬಂದರೆ, ‘ಸಾಲಿಗೇ ಬರ್ತೀನ್ರಿ ಸರ್, ಅಲ್ಲೇ ಓದಿ ಹೇಳ್ರಿ’ ಅನ್ನಿ. ಇದರಲ್ಲಿ ಅವಿಧೇಯತೆ ಏನೂ ಇಲ್ಲ. ಹೆಬ್ಬೆಟ್ಟು ಒತ್ತುವ ಸದಸ್ಯರಿದ್ದರಂತೂ ಗಟ್ಟಿಯಾಗಿ ಓದಿಸಲೇಬೇಕು.

ಎರಡನೆಯದು, ಸಭೆಯ ಹೊತ್ತು. ಹತ್ತಿ ಬಿಡಿಸುವ ಕಾಲದಲ್ಲಿ ಮಧ್ಯಾಹ್ನ ಕರೆದರೆ ಯಾರು ಬರುತ್ತಾರೆ? ಅಮಾಸಿ ದಿನ ಹೊಲದ ಕೆಲಸ ಕಡಿಮೆ, ಅಂದು ಇಡಲು ಹೇಳಿ. ಹೆಡ್‌ಮಾಸ್ತರೇ ಸಮಿತಿಯ ಕಾರ್ಯದರ್ಶಿ, ನೋಟಿಸ್ ಅವರೇ ಕಳಿಸುತ್ತಾರೆ.

ಮೂರನೆಯದು, ಒಂದೇ ವಿಷಯ ಹಿಡಿಯಿರಿ. ಕಂಪೌಂಡು, ನಲ್ಲಿ, ಪಾಯಖಾನೆ ಎಲ್ಲ ಒಟ್ಟಿಗೆ ಬರೆದರೆ ಯಾವುದೂ ಆಗದು. ಐದನೆತ್ತ ತನಕದ ಶಾಲೆಯಲ್ಲಿ 61ರಿಂದ 90 ಮಕ್ಕಳಿದ್ದರೆ ಮೂವರು ಶಿಕ್ಷಕರು ಬೇಕೆಂದು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಠರಾವು ಇಷ್ಟಿದ್ದರೆ ಸಾಕು: ‘ನಮ್ಮ ಶಾಲೆಯಲ್ಲಿ 84 ಮಕ್ಕಳಿದ್ದು ಇಬ್ಬರೇ ಶಿಕ್ಷಕರಿದ್ದಾರೆ. ಮೂರನೆಯ ಶಿಕ್ಷಕರನ್ನು ನೇಮಿಸಬೇಕು; ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನು ಕೊಡಬೇಕು.’ ಎಲ್ಲರ ಸಹಿ ಆದ ಮೇಲೆ ನಾಲ್ಕೈದು ತಾಯಂದಿರು ಕೂಡಿ ಶಹಾಪುರದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಬನ್ನಿ. ಉತ್ತರ ಬರದಿದ್ದರೆ ಅದೇ ಕಾಗದ ಯಾದಗಿರಿಯ ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೆ) ಹೋಗಲಿ. ಕಾಯ್ದೆಯ 32ನೇ ಕಲಮಿನ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ.

ಇನ್ನು ಮಗಳ ವಿಷಯ. ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡನ್ನೂ ಅದೇ ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಅದಕ್ಕಿಂತ ದೊಡ್ಡ ಕಾವಲು, ನೀವು ಒಬ್ಬರೇ ಹೋಗದಿರುವುದು. ಕೇಳುವಾಗಲೂ ‘ನನ್ನ ಮಗಳಿಗೆ ಯಾಕೆ ಬರಲ್ಲ’ ಅನ್ನಬೇಡಿ. ‘ನಾಲ್ಕನೆತ್ತದಲ್ಲಿ ಎಷ್ಟು ಮಕ್ಕಳು ತಡೆಯಿಲ್ಲದೆ ಓದುತ್ತಾರೆ’ ಎಂದು ಸಭೆಯಲ್ಲಿ ಕೇಳಿ. ಆಗ ಅದು ಇಡೀ ತರಗತಿಯ ಪ್ರಶ್ನೆಯಾಗುತ್ತದೆ, ಒಂದು ಮಗುವಿನ ಮೇಲೆ ಕಣ್ಣು ಬೀಳುವುದಿಲ್ಲ.

2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆ ಶೇಕಡಾ 50.59 ಫಲಿತಾಂಶ ಪಡೆದು ರಾಜ್ಯಕ್ಕೇ ಕೊನೆಯಾಯಿತು. ಹತ್ತನೆತ್ತದ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಹಿಂದೆ ಬೀಳುವುದು ನಾಲ್ಕನೆತ್ತದಲ್ಲೇ ಶುರುವಾಗಿರುತ್ತದೆ.

ಒಂದೇ ಠರಾವಿಗೆ ಮಾಸ್ತರು ಬಂದುಬಿಡುತ್ತಾರೆಂದು ನಾನು ಭರವಸೆ ಕೊಡಲಾರೆ. ಬರದಿದ್ದರೆ ಮುಂದಿನ ಸಭೆಯಲ್ಲಿ ಅದನ್ನೇ ಮೊದಲ ವಿಷಯವಾಗಿ ಮತ್ತೆ ಬರೆಸಿ, ಮತ್ತೆ ಸೀಲು ಹಾಕಿಸಿ. ಆಫೀಸಿನವರು ಒಂದು ಕಾಗದ ಮರೆಯಬಹುದು, ತಿಂಗಳು ತಿಂಗಳು ಬಂದು ನಿಲ್ಲುವ ತಾಯಂದಿರನ್ನು ಮರೆಯುವುದು ಕಷ್ಟ.