ನಂಟು ಮತ್ತು ಬಡತನ: ಕೊರಗ ಸಮುದಾಯವನ್ನು ಮುಂದಿಟ್ಟುಕೊಂಡು ಒಂದು ವಿಚಾರ

‘ಸಾಮಾಜಿಕ ಬಂಡವಾಳ’ ಎಂಬ ಪದವು ಕನ್ನಡ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ವಿಭಾಗದಿಂದ ಎರವಲು ಬಂದಂತೆ ತೋರಬಹುದು. ಪದ ಹೊಸದು, ಸಂಗತಿ ಹಳೆಯದು. ಮದುವೆಯಲ್ಲಿ ಬಂದ ಉಡುಗೊರೆಗೆ ಪ್ರತಿಯಾಗಿ ಕೊಡುವುದನ್ನು ನಾವು ‘ಮುಯ್ಯಿ’ ಎನ್ನುತ್ತೇವೆ. ಇಂದು ನಿಮ್ಮ ಗದ್ದೆಯ ನಾಟಿಗೆ ಬಂದು, ನಾಳೆ ನಿಮ್ಮನ್ನು ತನ್ನ ಗದ್ದೆಗೆ ಕರೆಯುವವನು ‘ಮುಯ್ಯಾಳು’. ಹಣವಿಲ್ಲದೆಯೂ ಕೆಲಸ ಸಾಗಿಸುವ ಈ ನಂಬಿಕೆಯೇ ಬಂಡವಾಳ. ಸೇಡಿಗೂ ಕನ್ನಡದಲ್ಲಿ ‘ಮುಯ್ಯಿ’ ಎಂಬ ಅದೇ ಪದವಿದೆ ಎಂಬುದನ್ನು ಮರೆಯಬಾರದು. ನಂಟು ಯಾವಾಗಲೂ ಒಳಿತನ್ನೇ ಮಾಡುತ್ತದೆಂದು ನಮ್ಮ ಭಾಷೆ ಎಂದೂ ನಂಬಿದಂತಿಲ್ಲ.

ಅಮೆರಿಕದ ಗ್ರಾಮೀಣ ಶಾಲೆಗಳ ಕುರಿತು ಹ್ಯಾನಿಫನ್ 1916ರಲ್ಲಿ ಬರೆದಾಗ ಈ ಪರಿಕಲ್ಪನೆಯನ್ನು ಬಳಸಿದನು. ಮುಂದೆ ಬೂರ್ದಿಯೋ, ಕೋಲ್ಮನ್, ಪಟ್ನಂ ಮೊದಲಾದವರು ಅದನ್ನು ಬೆಳೆಸಿದರು. ಅವರ ಬಳಿಕದ ಚರ್ಚೆಯಲ್ಲಿ ನಂಟುಗಳನ್ನು ಮೂರು ಬಗೆಯಾಗಿ ನೋಡುವುದು ರೂಢಿಯಾಗಿದೆ. ತನ್ನವರೊಳಗಿನದು ಒಳನಂಟು, ಬೇರೆ ಸಮುದಾಯದ ಸಮಾನರೊಡನೆ ಇರುವುದು ಹೊರನಂಟು, ಅಧಿಕಾರವುಳ್ಳವರೊಡನೆ ಇರುವುದು ಮೇಲುನಂಟು ಎಂದು ಇಲ್ಲಿ ಕರೆದುಕೊಳ್ಳೋಣ. ಬಡವರ ಬಳಿ ಹಣವಿಲ್ಲದಿದ್ದರೂ ನಂಟು ಇದೆ, ಆದ್ದರಿಂದ ಆ ಬಂಡವಾಳವನ್ನು ಹೆಚ್ಚಿಸಿದರೆ ಬಡತನ ತಗ್ಗುತ್ತದೆ ಎಂಬ ವಾದವು ಅಭಿವೃದ್ಧಿ ಯೋಜನೆಗಳಲ್ಲಿ ಬಹಳ ಪ್ರಿಯವಾಯಿತು. ಈ ವಾದವನ್ನು ನಮ್ಮ ನೆಲದಲ್ಲಿಯೇ ಪರೀಕ್ಷಿಸುವುದು ಲೇಸು.

ಕಾಸರಗೋಡು, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕೊರಗ ಸಮುದಾಯ ನೆಲೆಸಿದೆ. ಕರ್ನಾಟಕ ಮತ್ತು ಕೇರಳ ಎರಡರಲ್ಲಿಯೂ ಇದು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಪಟ್ಟಿಯಲ್ಲಿದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಇವರು ಸುಮಾರು 15 ಸಾವಿರ, ಕೇರಳದಲ್ಲಿ 2 ಸಾವಿರಕ್ಕೂ ಕಡಿಮೆ. ಕಾಡಿನ ಬಳ್ಳಿ ಮತ್ತು ಬಿದಿರಿನಿಂದ ಬುಟ್ಟಿ ಹೆಣೆಯುವುದು ಇವರ ಪರಂಪರೆಯ ಕಸುಬು.

ಇವರಲ್ಲಿ ಒಳನಂಟು ಕಡಿಮೆಯೇನಲ್ಲ. ಚಿಕ್ಕ ಸಮುದಾಯ, ಹತ್ತಿರದ ಸಂಬಂಧಗಳು, ಒಂದೇ ಕಸುಬು, ಕಷ್ಟಕ್ಕೆ ಒದಗುವ ನೆರೆಮನೆ, ಎಲ್ಲವೂ ಉಂಟು. ತೊಡಕಿರುವುದೂ ಅಲ್ಲಿಯೇ. ಅರಣ್ಯದ ನಿರ್ಬಂಧಗಳಿಂದ ಬಳ್ಳಿ ತರುವುದು ದುಸ್ತರವಾದಾಗ ಒಬ್ಬರ ಮನೆಗೆ ಮಾತ್ರ ಪೆಟ್ಟು ಬೀಳಲಿಲ್ಲ. ಪ್ಲಾಸ್ಟಿಕ್ ಬುಟ್ಟಿ ಸಂತೆಗೆ ಬಂದಾಗ ನಷ್ಟವಾದದ್ದು ಹೆಣೆಯುವ ಎಲ್ಲರಿಗೂ. ನೆರೆಮನೆಯಿಂದ ಸೇರಕ್ಕಿ ಕಡ ತರಬೇಕಾದರೆ ನೆರೆಮನೆಯಲ್ಲಿ ಅಕ್ಕಿ ಇರಬೇಕಷ್ಟೆ. ಎಲ್ಲರ ಆದಾಯವೂ ಒಂದೇ ದಿನ ಒಣಗುವಲ್ಲಿ ಒಳನಂಟು ಹಸಿವನ್ನು ಹಂಚಬಲ್ಲುದೇ ಹೊರತು ತಗ್ಗಿಸಲಾರದು. ಬೇರೆ ಬೇರೆ ಕಸುಬಿನ, ಬೇರೆ ಬೇರೆ ಊರಿನ ನೆಂಟರಿರುವ ಮನೆಗೆ ಇಂಥ ಕಾಲದಲ್ಲಿ ಒಂದಲ್ಲ ಒಂದು ಆಸರೆ ಸಿಗುತ್ತದೆ. ಹೊರನಂಟಿನ ಬೆಲೆ ತಿಳಿಯುವುದು ಆಗ.

ಹಾಗಾದರೆ ಕೊರಗರಿಗೆ ಇತರ ಜಾತಿಗಳೊಡನೆ ಸಂಬಂಧವೇ ಇರಲಿಲ್ಲವೇ? ಇತ್ತು, ಊರಿನ ಯಾವ ದೊಡ್ಡ ಕಾರ್ಯವೂ ಅವರ ಡೋಲಿಲ್ಲದೆ ನಡೆಯುತ್ತಿರಲಿಲ್ಲ. ಆದರೆ ಆ ಸಂಬಂಧದ ಒಂದು ಹೆಸರು ‘ಅಜಲು’. ಕೂಲಿಯಿಲ್ಲದೆ ಡೋಲು ಬಾರಿಸುವುದು, ಕೂದಲು ಉಗುರು ಬೆರೆಸಿದ ಅನ್ನವನ್ನು ತಿಂದು ಇತರರ ರೋಗವನ್ನು ತಮ್ಮ ಮೈಮೇಲೆ ಎಳೆದುಕೊಳ್ಳುವುದು ಮೊದಲಾದವು ಅದರ ಭಾಗಗಳಾಗಿದ್ದವು. ಕರ್ನಾಟಕ ಸರ್ಕಾರವು 2000ದ ಕಾಯಿದೆಯಿಂದ ಇದನ್ನು ನಿಷೇಧಿಸಿತು. ನಂಟುಗಳ ಸಂಖ್ಯೆಯನ್ನು ಎಣಿಸುವ ಸಂಶೋಧಕನ ಪಟ್ಟಿಯಲ್ಲಿ ಅಜಲೂ ಒಂದು ನಂಟೆಂದು ದಾಖಲಾದೀತು! ಕೊಟ್ಟದ್ದಕ್ಕೆ ಮರಳಿ ಕೇಳುವ ಹಕ್ಕು ಇಲ್ಲದ ಕಡೆ ಮುಯ್ಯಿ ಇಲ್ಲ, ಬರಿಯ ಬಿಟ್ಟಿ ಇದೆ.

ಇನ್ನೊಂದು ವೈಚಿತ್ರ್ಯವನ್ನೂ ನೋಡಿರಿ. ಕೊರಗಜ್ಜನನ್ನು ತುಳುನಾಡಿನಲ್ಲಿ ಎಲ್ಲ ಜಾತಿಯವರೂ ನಂಬುತ್ತಾರೆ. ಕಳೆದುಹೋದ ವಸ್ತು ಸಿಗಲೆಂದು ಹರಕೆ ಹೊರುತ್ತಾರೆ. ದೈವವಾದ ಕೊರಗನಿಗೆ ಸಂದ ಗೌರವವು ಬಾಗಿಲ ಹೊರಗೆ ನಿಂತ ಕೊರಗನಿಗೆ ಸಲ್ಲಲಿಲ್ಲ. ಬೂರ್ದಿಯೋ ಹೇಳುವ ಸಾಂಕೇತಿಕ ಬಂಡವಾಳವು ಭೂಮಿಯಾಗಿ, ಸಾಲದ ಭರವಸೆಯಾಗಿ, ನೌಕರಿಯಾಗಿ ತಾನಾಗಿಯೇ ಮಾರ್ಪಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋಚುವುದಿಲ್ಲ.

ಭೂಮಿಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಕರ್ನಾಟಕದಲ್ಲಿ ಮಹಮ್ಮದ್ ಪೀರ್ ವರದಿಯು ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿಯನ್ನು ಶಿಫಾರಸು ಮಾಡಿತು. ಆ ಬೇಡಿಕೆಯನ್ನು ಮುಂದಿಟ್ಟು ಹೋರಾಡಿದುದು ಸಮುದಾಯದ್ದೇ ಸಂಘಟನೆ. ಒಳನಂಟು ಹಸಿವನ್ನು ಹಂಚಿಕೊಳ್ಳುವುದರಾಚೆಗೆ ದಾಟಿ ಹಕ್ಕನ್ನು ಕೇಳತೊಡಗಿದ ಘಟ್ಟವಿದು.

ಕಾಸರಗೋಡಿನಲ್ಲಿ ಮೇಲುನಂಟಿಗೆ ಭಾಷೆಯ ಪ್ರಶ್ನೆಯೂ ತೊಡರಿಕೊಂಡಿದೆ. 1956ರಲ್ಲಿ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಆಡಳಿತದ ಮುಖ್ಯ ಭಾಷೆ ಮಲಯಾಳವಾಯಿತು. ಇಲ್ಲಿನ ಕೊರಗ ಮಗು ಮನೆಯಲ್ಲಿ ಕೊರಗ ಭಾಷೆಯನ್ನೋ ತುಳುವನ್ನೋ ಆಡಿ, ಕನ್ನಡ ಶಾಲೆಯಲ್ಲಿ ಕಲಿತು, ಬೆಳೆದ ಮೇಲೆ ಮಲಯಾಳದ ಅರ್ಜಿಯ ಮುಂದೆ ನಿಲ್ಲಬೇಕಾಗಬಹುದು. ಭಾಷಾ ಅಲ್ಪಸಂಖ್ಯಾತರಾದ ನಮಗೇ ಕಷ್ಟವಾದ ಈ ಮೆಟ್ಟಿಲು, ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರಿಗೆ ಇನ್ನೂ ಎತ್ತರದ್ದು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು 1969ರ ಕೇರಳ ರಾಜ್ಯಭಾಷಾ ಕಾಯಿದೆ ಅವಕಾಶ ಕೊಟ್ಟಿದೆ. ಕಾಯಿದೆಯಿದೆಯೆಂದು ತಿಳಿಸುವವರು, ಅರ್ಜಿ ಬರೆದುಕೊಡುವವರು ಹತ್ತಿರದಲ್ಲಿದ್ದರೆ ಅದೇ ಮೇಲುನಂಟು. ಕಾಸರಗೋಡು ಜಿಲ್ಲೆಯಲ್ಲಿ ಕುಟುಂಬಶ್ರೀಯು ಕೊರಗರಿಗಾಗಿ ವಿಶೇಷ ಯೋಜನೆಯನ್ನು ನಡೆಸುತ್ತಿದೆ. ನೆರೆಕೂಟದ ಉಳಿತಾಯ ಚಿಕ್ಕದಿರಬಹುದು. ಬ್ಯಾಂಕಿನ ಮತ್ತು ಪಂಚಾಯತಿನ ಬಾಗಿಲನ್ನು ಗುಂಪಾಗಿ ತಟ್ಟುವ ಅಭ್ಯಾಸವೇ ಅಲ್ಲಿನ ದೊಡ್ಡ ಗಳಿಕೆಯೆಂದು ನನ್ನ ಎಣಿಕೆ.

ವಿಚಾರ ಸಂಕಿರಣಕ್ಕೆ ಸಿದ್ಧರಾಗುವವರು ಕಾರಂತರ ‘ಚೋಮನ ದುಡಿ’ಯನ್ನು (1933) ಈ ದೃಷ್ಟಿಯಿಂದ ಮತ್ತೊಮ್ಮೆ ಓದಿರಿ. ಚೋಮ ಕೊರಗನಲ್ಲ, ಅವನ ಕಾಲವೂ ಬೇರೆ. ಆದರೂ ಅವನಿಗಿರುವ ನಂಟುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ: ಮಕ್ಕಳು, ಎತ್ತುಗಳು, ಒಡೆಯ, ಕಾಫಿ ತೋಟದ ಸಾಲ. ಒಡೆಯನ ಮನಸ್ಸು ಕರಗಿದರೂ ಅವನ ತಾಯಿಯ ಮಾತಿನಿಂದ ಭೂಮಿ ದೊರೆಯದೆ ಹೋಗುತ್ತದೆ. ಈ ನಂಟುಗಳಲ್ಲಿ ಯಾವುದು ಚೋಮನಿಗೆ ಬಂಡವಾಳ, ಯಾವುದು ಅವನ ಕಾಲಿನ ಕೊಂಡಿ ಎಂದು ಬಿಡಿಸಿ ಬರೆದು ತನ್ನಿರಿ. ಮುಂದಿನ ತರಗತಿಯಲ್ಲಿ ಚರ್ಚಿಸೋಣ.