ನಮ್ಮ ಗ್ರಂಥಾಲಯದಲ್ಲಿ ಎಂಥ ಪುಸ್ತಕಗಳಿರಬೇಕು?

“ದೇಶ ಸುತ್ತು, ಇಲ್ಲವೆ ಕೋಶ ಓದು” ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ದೇಶ ಸುತ್ತಲು ಹಣ ಬೇಕು, ಬಿಡುವು ಬೇಕು. ಕೋಶ ಓದಲು ಅಷ್ಟು ಖರ್ಚಿಲ್ಲ. ಆದರೆ ಓದಬೇಕೆಂದಾಗ ಬೇಕಾದ ಕೋಶವೇ ಕೈಗೆ ಸಿಗದಿದ್ದರೆ? ದಾಳಿಂಬ, ಉಮರ್ಗಾ, ನಿಲಂಗಾ, ಉದಗೀರ ಭಾಗದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಹಿಂದೆ ನಾನು ಬೇರೊಂದು ಶಾಲೆಯಲ್ಲಿದ್ದಾಗ ನಡೆದ ಸಂಗತಿಯನ್ನು ಹೇಳುತ್ತೇನೆ. ಒಂಬತ್ತನೆಯ ವರ್ಗದ ವಿದ್ಯಾರ್ಥಿನಿಯೊಬ್ಬಳು ಬಂದು, “ಭೂಕಂಪದ ಮ್ಯಾಲ ಯಾವದಾರ ಪುಸ್ತಕ ಅದ ಏನ್ರಿ ಸರ್?” ಎಂದು ಕೇಳಿದಳು. ಅವಳ ಅಜ್ಜಿಯ ತವರು ಕಿಲ್ಲಾರಿಯ ಕಡೆಗೆ. 1993ರ ಸಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಮನೆಗಳು ಕುಸಿದುಬಿದ್ದು ಸಾವಿರಾರು ಜನ ಸತ್ತರು. ಅವರಲ್ಲಿ ಅಜ್ಜಿಯ ತಮ್ಮನೂ ಒಬ್ಬ. “ಭೂಮಿ ಯಾಕ ನಡುಗ್ತು? ಮತ್ತ ನಡುಗ್ತದೇನು?” ಎಂದು ಅಜ್ಜಿ ಓದು ಬಲ್ಲ ಮೊಮ್ಮಗಳನ್ನು ಕೇಳುತ್ತಿದ್ದಳಂತೆ.

ನಾನು ಕಪಾಟುಗಳ ಬೀಗ ತೆಗೆದೆ. ಪುರಾಣಗಳಿದ್ದವು, ನೀತಿಕಥೆಗಳಿದ್ದವು, ಮಹಾಪುರುಷರ ಚರಿತ್ರೆಗಳಿದ್ದವು, ಹಳೆಯ ಪಠ್ಯಪುಸ್ತಕಗಳೂ ರಾಶಿ ಇದ್ದವು. ಭೂಮಿಯ ವಿಷಯವಾಗಿ ಒಂದೂ ಇರಲಿಲ್ಲ. ಅದಕ್ಕಿಂತ ನಾಚಿಕೆಯ ಮಾತೆಂದರೆ, ಆ ಕಪಾಟಿನಲ್ಲಿ ಏನಿದೆಯೆಂಬುದನ್ನು ಮಕ್ಕಳು ಅಂದಿನವರೆಗೆ ಕಂಡೇ ಇರಲಿಲ್ಲ. ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆ ಬಂದರೂ ಉತ್ತರ ಕೊಡಬೇಕಾದೀತೆಂಬ ಅಂಜಿಕೆಯಿಂದ ಕೀಲಿಯನ್ನು ನನ್ನ ಕಿಸೆಯಲ್ಲಿಯೇ ಇಟ್ಟುಕೊಂಡಿದ್ದೆ. ತಪ್ಪು ನನ್ನದೇ.

ಕೊನೆಗೆ ಅವಳಿಗೆ ಬೇಕಾದ ಪುಸ್ತಕ ಊರಿನ ವಾಚನಾಲಯದಲ್ಲಿ ಮರಾಠಿಯಲ್ಲಿ ಸಿಕ್ಕಿತು. ಗೆಳತಿಯ ಸಹಾಯದಿಂದ ಓದಿದಳು. ಅಜ್ಜಿಗೆ ಕನ್ನಡದಲ್ಲಿ ತಿಳಿಸಿದಳು. ಭೂಮಿಯ ಹೊರಪದರಿನ ಹಳೆಯ ಬಿರುಕುಗಳಲ್ಲಿ ಒತ್ತಡ ಸೇರುತ್ತ ಹೋಗಿ ಒಮ್ಮೆಲೆ ಸಡಿಲಾಗುತ್ತದೆ. ಅದು ಯಾರ ಪಾಪದ ಫಲವೂ ಅಲ್ಲ. ಅಂದು ಹೆಚ್ಚು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಇಷ್ಟನ್ನು ಕೇಳಿದ ಮೇಲೆ ಅಜ್ಜಿ, “ಹಂಗಾದ್ರ ನಮ್ಮ ಗ್ವಾಡಿ ಹೆಂಗ ಅದ ನೋಡ್ರಿ” ಎಂದು ಮಗನಿಗೆ ಹೇಳಿದಳಂತೆ. ಒಂದು ಪುಸ್ತಕದಿಂದ ಮನೆಯೊಂದರಲ್ಲಿ ಆಗುವ ಉಪಯೋಗ ಇಂಥದು.

ನಮ್ಮ ಭಾಗದ ಸ್ಥಿತಿ

ನಿಲಂಗಾ, ಉದಗೀರ ತಾಲೂಕುಗಳು ಮೊದಲು ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಅವು ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರವಾಯಿತು. ಗೆರೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350-ಎ ಕಲಮು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆಯಿಂದ ನಮಗೆ ಕನ್ನಡ ಪಠ್ಯಪುಸ್ತಕಗಳು ಬರುತ್ತವೆ. ಶಾಲೆ ಬಂತು, ಪಠ್ಯ ಬಂತು. ಆದರೆ ಪಠ್ಯದ ಆಚೆಗಿನ ಕನ್ನಡ ಪುಸ್ತಕಗಳು ತಾವಾಗಿ ಗಡಿ ದಾಟಿ ಬರುವುದಿಲ್ಲ, ನಾವೇ ತರಬೇಕು.

ಕನ್ನಡದಲ್ಲಿ ಅಂಥ ಪುಸ್ತಕಗಳೇ ಇಲ್ಲವೆಂದು ತಿಳಿಯಬಾರದು. ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಬರೆದರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಹೊರತಂದರು. ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಷ್ಟಿದೆ. ಕೊರತೆ ಇರುವುದು ಪುಸ್ತಕ ಮತ್ತು ಓದುಗ ಒಂದೆಡೆ ಕೂಡುವುದರಲ್ಲಿ.

ವೈವಿಧ್ಯವೆಂದರೇನು?

ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಅವುಗಳ ತಾತ್ಪರ್ಯ ಹೀಗಿದೆ: ಪುಸ್ತಕವಿರುವುದು ಬಳಸುವುದಕ್ಕೆ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ವೇಳೆ ಉಳಿಯಬೇಕು, ಗ್ರಂಥಾಲಯ ಸದಾ ಬೆಳೆಯುತ್ತಿರಬೇಕು. ನನ್ನ ಬೀಗ ಮೊದಲನೆಯ ಸೂತ್ರವನ್ನೇ ಮುರಿದಿತ್ತು.

ಎರಡನೆಯ ಸೂತ್ರವನ್ನು ನಮ್ಮ ವರ್ಗಕ್ಕೆ ಹಚ್ಚಿ ನೋಡೋಣ. ಒಬ್ಬನಿಗೆ ಕಥೆ ಬೇಕು, ಒಬ್ಬಳಿಗೆ ನಕ್ಷತ್ರಗಳ ವಿಷಯ ಬೇಕು, ಮತ್ತೊಬ್ಬನಿಗೆ ತೊಗರಿಗೆ ಬೀಳುವ ಕೀಡೆಯ ವಿಷಯ ಬೇಕು. ಓದು ನಿಧಾನವಿರುವವನಿಗೆ ದೊಡ್ಡ ಅಕ್ಷರದ ತೆಳ್ಳಗಿನ ಪುಸ್ತಕ ಬೇಕು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ನೆರೆಮನೆಯಲ್ಲಿ ಉರ್ದು ಕೇಳುವ ನಮಗೆ ಈ ಮೂರರ ಜೊತೆಗೆ ಹಿಂದಿ, ಇಂಗ್ಲಿಷ್ ಪುಸ್ತಕಗಳೂ ಬೇಕು. ಇನ್ನೂ ಒಂದು ಮಾತು. ಕಪಾಟಿನಲ್ಲಿ ರಾಜರ ಕಥೆಗಳಷ್ಟೇ ಇದ್ದರೆ ಕೂಲಿಕಾರರ ಮಗು ತನ್ನ ಮನೆಯನ್ನು ಪುಸ್ತಕದಲ್ಲಿ ಕಾಣುವುದಿಲ್ಲ. ನಮ್ಮ ನೆರೆಯ ಲಾತೂರ ಸೀಮೆಯ ಲಕ್ಷ್ಮಣ ಗಾಯಕವಾಡರು ಕಳ್ಳರೆಂದು ಹಣೆಪಟ್ಟಿ ಹೊತ್ತ ತಮ್ಮ ಸಮುದಾಯದ ಬದುಕನ್ನು ‘ಉಚಲ್ಯಾ’ದಲ್ಲಿ ಮರಾಠಿಯಲ್ಲಿ ಬರೆದರು, 1988ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡ ವರ್ಗದ ವಿದ್ಯಾರ್ಥಿಗಳಿಗೆ ಇಂಥವೂ ದೊರೆಯಬೇಕು.

ದಾರಿಗಳುಂಟು

ನಮ್ಮ ಸಮೀಪದ ಕಲ್ಯಾಣದ ಶರಣರ ವಚನಗಳು ಬಹುಕಾಲ ಮನೆ, ಮಠಗಳ ಗಂಟುಗಳಲ್ಲಿ ತಾಳೆಗರಿಯಾಗಿ ಉಳಿದಿದ್ದವು. ವಿಜಾಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1925ರಲ್ಲಿ ಸ್ವಂತ ಮುದ್ರಣಾಲಯವನ್ನೇ ಆರಂಭಿಸಿದರು. ಗಂಟು ಬಿಚ್ಚಿದ್ದರಿಂದಲೇ ಇಂದು ನಾವು ವಚನ ಓದುತ್ತೇವೆ. ಬಡೋದೆಯ ಸಯಾಜಿರಾವ ಮಹಾರಾಜರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡರು. ಆ ಕಾಲದಲ್ಲಿ ಅಲ್ಲಿ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವ ಪದ್ಧತಿ ಬೆಳೆಯಿತು. ನಮ್ಮ ಸುತ್ತಲಿನ ಕನ್ನಡ ಶಾಲೆಗಳೂ ತಲಾ ಒಂದು ಪೆಟ್ಟಿಗೆ ಮಾಡಿ, ತಿಂಗಳಿಗೊಮ್ಮೆ ಬದಲಾಯಿಸಿಕೊಂಡರೆ ಹೊಸ ಖರ್ಚಿಲ್ಲದೆ ಹೊಸ ಪುಸ್ತಕ ಸಿಕ್ಕಂತಾಗುವುದು.

ಸಾರ್ವಜನಿಕ ವಾಚನಾಲಯದ ಬಾಗಿಲೂ ನಮಗೆ ತೆರೆದಿದೆ. ಮಹಾರಾಷ್ಟ್ರದ 1967ರ ಗ್ರಂಥಾಲಯ ಕಾಯದೆಯ ಪ್ರಕಾರ, ಊರಿನ ಸಂಸ್ಥೆಗಳು ನಡೆಸುವ ವಾಚನಾಲಯಗಳಿಗೆ ಮನ್ನಣೆಯೂ ಅನುದಾನವೂ ದೊರೆಯುತ್ತವೆ. ಅಲ್ಲಿ ಪುಸ್ತಕ ಆರಿಸುವವರು ಊರಿನವರೇ. ಕನ್ನಡ ಓದುವವರು ಸದಸ್ಯರಾಗಿ ಕೇಳದಿದ್ದರೆ, ಕನ್ನಡ ಓದುಗರು ಇದ್ದಾರೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಮರಾಠಿ ಪುಸ್ತಕವನ್ನು ಬದಿಗೆ ಸರಿಸಬೇಕೆಂದಲ್ಲ. ಅದರ ಪಕ್ಕದಲ್ಲಿ ಕನ್ನಡಕ್ಕೂ ಒಂದು ಸಾಲು ಇರಲಿ ಎಂಬುದು ನಮ್ಮ ಕೋರಿಕೆ.

ಪಾಲಕರಲ್ಲಿ ಒಂದು ವಿನಂತಿ. ಮಗು ಪಠ್ಯದ ಹೊರಗಿನ ಪುಸ್ತಕ ಹಿಡಿದರೆ “ಅಭ್ಯಾಸ ಬಿಟ್ಟು ಇದೇನು?” ಎಂದು ಗದರಬೇಡಿರಿ. ರಾತ್ರಿ ಊಟವಾದ ಮೇಲೆ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ಓದು ಬಾರದ ಹಿರಿಯರಿಗೂ ಅದರಿಂದ ಗ್ರಂಥಾಲಯ ಮನೆಗೇ ಬಂದಂತಾಗುತ್ತದೆ. ಪುಸ್ತಕ ಹರಿದು ಬಂದರೆ ಅಂಟು ಹಚ್ಚೋಣ. ಹರಿದೀತೆಂದು ಬೀಗ ಹಾಕುವುದು ಬೇಡ.

ಅಭ್ಯಾಸ

1. ಶಾಲೆಯ ಕಪಾಟಿನ ಪುಸ್ತಕಗಳನ್ನು ಭಾಷೆ ಮತ್ತು ವಿಷಯದ ಪ್ರಕಾರ ಎಣಿಸಿ ಪಟ್ಟಿ ಮಾಡಿರಿ. ಯಾವ ವಿಷಯದ ಪುಸ್ತಕ ಒಂದೂ ಇಲ್ಲ?
2. ನಿಮಗೆ ಬೇಕಾಗಿಯೂ ಸಿಗದ ಪುಸ್ತಕದ ವಿಷಯವನ್ನು ‘ಬೇಡಿಕೆ ವಹಿ’ಯಲ್ಲಿ ಬರೆಯಿರಿ.
3. ಮನೆಯ ಹಿರಿಯರಿಗೆ ತಿಳಿಯಬೇಕೆನಿಸಿದ ಒಂದು ಪ್ರಶ್ನೆಯನ್ನು ಕೇಳಿ ಬರೆದುಕೊಳ್ಳಿರಿ. ಅದರ ಉತ್ತರವನ್ನು ಯಾವ ಭಾಷೆಯ ಪುಸ್ತಕದಲ್ಲಾದರೂ ಹುಡುಕಿ, ಅವರಿಗೆ ಅವರ ಮಾತಿನಲ್ಲಿ ಹೇಳಿರಿ.